ಧ್ವನಿಮುದ್ರಣದ ತೆರೆಯ ಮೇಲೆ ಫಲಕಗಳ ಹಿರಿತನ ಮತ್ತು ಕೆಂಪು ಗುಂಡಿಯ ಮೊಹರು ಕುರಿತು

ಐದು ಊರುಗಳ ಸ್ವಚ್ಛತಾ ಗೀತೆ ಕೋಶ
(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ)
ಹಳೆಯ ಗೋದಾಮು, ವಾಡಿ ರಸ್ತೆ

ಸಂಖ್ಯೆ: ಸ್ವಗೀಕೋ/ಫಲಕ/ಹಿರಿತನ/೭/೨೦೨೫-೨೬
ದಿನಾಂಕ: ೪-೬-೨೦೨೫, ಬುಧವಾರ

ಸುತ್ತೋಲೆ

ವಿಷಯ: ಕಸದ ಗಾಡಿಯ ಹಾಡು ತಯಾರಿಸುವ ಗಣಕಯಂತ್ರದ ತೆರೆಯ ಮೇಲೆ ಫಲಕಗಳನ್ನು ಹೊಂದಿಸುವ ಕ್ರಮ, ಹಾಗೂ ಸದರಿ ಗಾಡಿಯಿಂದ ಈಗ ಕೇಳಿಬರುತ್ತಿರುವ ಧ್ವನಿಗೆ ಸಾರ್ವಜನಿಕರು ನಗದಿರುವ ಬಗ್ಗೆ.

ಉಲ್ಲೇಖ: (೧) ಇದೇ ವಿಷಯದ ಸುತ್ತೋಲೆಗಳು, ಒಂದರಿಂದ ಆರು.
(೨) ಗಾಡಿ ಚಾಲಕ ಬಂದೇಅಲಿಯವರ ಹೇಳಿಕೆ, ೨-೬-೨೦೨೫.
(೩) ಪ್ರಭಾರ ಅಧಿಕಾರಿಗಳ ಮೌಖಿಕ ಸಿಟ್ಟು, ಅದೇ ದಿನ, ಮಧ್ಯಾಹ್ನದವರೆಗೆ.

ಪ್ರಸ್ತಾವನೆ:

ಪ್ರಕರಣವು ಮೇ ತಿಂಗಳ ಆರನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ೮.೨೦ಕ್ಕೆ ಆರಂಭವಾಯಿತು. ಬೇಸಿಗೆಯ ಕಾರಣ ಕಚೇರಿಯ ವೇಳೆ ಎಂಟರಿಂದ ಒಂದೂವರೆ ಇತ್ತು. ಅಂಗಳದ ಫರಸಿ ಕಲ್ಲು ಆಗಲೇ ಕಾಯತೊಡಗಿತ್ತು. ದನಿ ಹಿಡಿಯುವಾಗ ಕೂಲರಿನ ಸದ್ದು ಸೇರಬಾರದೆಂದು ಕೂಲರ್ ಬಂದ್ ಮಾಡಲಾಗಿತ್ತು. ಮುಂದೆ ನಡೆದದ್ದಕ್ಕೆ ನಡವಳಿ ಪುಸ್ತಕದಲ್ಲಿ ಫಲಕಗಳ ಉದ್ದಗಲ ಬಿಟ್ಟು ಬೇರೆ ದಾಖಲೆ ಇಲ್ಲ. ಆದುದರಿಂದ ವಿವರಗಳನ್ನು ಕೋಶದ ಜವಾನ ಜಗದೇವಪ್ಪನವರ ನೆನಪಿನಿಂದ ಪಡೆಯಲಾಗಿದೆ. ಸದರಿಯವರು ಮೂರನೆಯ ತರಗತಿಗೆ ಶಾಲೆ ಬಿಟ್ಟವರಾಗಿದ್ದು, ಅಂದಿನಿಂದ ಯಾವುದನ್ನೂ ಮರೆತಿಲ್ಲವೆಂದು ತಿಳಿದುಬಂದಿದೆ.

ಅಂದು ಕೋಶದಲ್ಲಿ ಹಾಡಲು ಬಂದಿದ್ದವರು ಪೌರಕಾರ್ಮಿಕರಾದ ತುಳಜಾಬಾಯಿಯವರು. ಮೂವತ್ತೊಂದು ವರ್ಷ ಓಣಿ ಗುಡಿಸಿ, ಮನೆಮನೆ ಬಾಗಿಲಲ್ಲಿ ನಿಂತು ಕಸ ಕೊಡಿರೆಂದು ಕೂಗಿದವರು. ಗಾಡಿ ಬಂದ ಮೇಲೆ ಆ ಕೂಗು ನಿಂತಿತ್ತು. ಹೊರಗಿನ ಗಾಯಕರನ್ನು ಕರೆಸಲು ಟೆಂಡರ್ ಕರೆಯಬೇಕಾಗುತ್ತದೆ, ಸೇವೆಯಲ್ಲಿರುವವರ ದನಿಗೆ ಬೇಕಾಗಿಲ್ಲ ಎಂಬ ಕಾರಣದಿಂದ ಗಾಡಿಯ ಹಾಡಿಗೆ ಅವರನ್ನೇ ಗುರುತಿಸಲಾಯಿತು. ಅವರ ನಿವೃತ್ತಿ ಮೇ ೩೧ರಂದು. ಅಂದು ಒಂದೂವರೆ ದಾಟಿದರೆ ಅವರ ದನಿ ಹೊರಗಿನ ದನಿಯಾಗುತ್ತದೆ. ಈ ಬಗ್ಗೆ ಅವರು ಜಗದೇವಪ್ಪನವರ ಬಳಿ ಹೇಳಿದ್ದನ್ನು ಇದ್ದಂತೆಯೇ ದಾಖಲಿಸಿದೆ: "ನಾ ಹೋದ ಮ್ಯಾಲೂ ನನ್ನ ಕೂಗು ಓಣಿಯಾಗ ತಿರಗಲಿ ಅಂತ ಆಸಿ ನೋಡು ಜಗದೇವಣ್ಣ. ಶಾಲು, ಹಾರ ಏನೂ ಬ್ಯಾಡ. ಅವೆಲ್ಲಾ ನಿಮ್ಮ ಸಾಹೇಬ್ರಿಗೇ ಹಾಕ್ರಿ."

ಗಣಕಯಂತ್ರದ ಮುಂದೆ ಕೂತಿದ್ದವರು ಹೊರಗುತ್ತಿಗೆಯ ಧ್ವನಿ ನಿರ್ವಾಹಕಿ ಜಬೀನಾ, ಚಿತ್ತಾಪುರದವರು. ಅಣ್ಣನ ಅಂಗಡಿಯಲ್ಲಿ ಆರು ವರ್ಷ ಮದುವೆ ವಿಡಿಯೋಗಳಿಗೆ ದನಿ ಕೂಡಿಸಿದ ಕೈ. ಅವರು ತೆರೆಯ ಮೇಲಿನ ಫಲಕಗಳನ್ನು ಹೀಗೆ ಹೊಂದಿಸಿಕೊಂಡಿದ್ದರು: ನಡುವೆ ದನಿಯ ಪಟ್ಟಿಗಳು, ಹಾಡಿದಂತೆಲ್ಲ ಬಲಕ್ಕೆ ಉದ್ದವಾಗುತ್ತ ಹೋಗುವಂಥವು. ಕೆಳಗೆ ಮಿಕ್ಸರ್, ಅಂದರೆ ದನಿಯನ್ನು ಏರಿಸಿ ಇಳಿಸುವ ಸನ್ನೆಗಳ ಸಾಲು. ಬಲಮೂಲೆಯಲ್ಲಿ ದನಿ ಎಷ್ಟು ಜೋರಿದೆಯೆಂದು ತೋರಿಸುವ ಹಸಿರು ಕಡ್ಡಿಗಳು. ಮೇಲೆ ಒಂದು ಕೆಂಪು ಗುಂಡಿ. ಅದು ಉರಿಯುತ್ತಿದ್ದರೆ ದನಿ ದಾಖಲಾಗುತ್ತಿದೆ, ಆರಿದ್ದರೆ ಇಲ್ಲ. ಇದನ್ನು ಕಂಡ ತುಳಜಾಬಾಯಿಯವರು, "ಜಬೀನವ್ವ, ನೀ ರೊಟ್ಟಿ ಬಡಿಯೋಕಿ ಕುಂತಂಗೇ ಕುಂತೀಯಲ್ಲ! ಹಿಟ್ಟು ಎಡಕ್ಕ, ನೀರು ಬಲಕ್ಕ, ಹಂಚು ಮುಂದ. ಕಣ್ಣ ಮುಚ್ಚಿದ್ರೂ ಕೈ ಹೋಗ್ತದ" ಎಂದು ಅನುಮತಿ ಇಲ್ಲದೆ ಮೆಚ್ಚಿದ್ದಾರೆ.

ಆಗ ಪ್ರಭಾರ ಅಧಿಕಾರಿಗಳು ತಪಾಸಣೆಗೆ ಆಗಮಿಸಿದರು. ಹಾಡು ಇನ್ನೂ ಆರಂಭವಾಗಿರಲಿಲ್ಲ. ಅವರು ತೆರೆಯನ್ನು ಬಹಳ ಹೊತ್ತು ನೋಡಿ, "ಮುಖ್ಯ ಸನ್ನೆ ಇರುವ ಫಲಕ ಎಲ್ಲರಿಗಿಂತ ಕೆಳಗೆ ಕೂತಿದೆಯಲ್ಲ, ಇದು ಯಾರ ಆದೇಶ?" ಎಂದು ವಿಚಾರಿಸಿದರು. ಜಬೀನಾ ಅವರ ಉತ್ತರ: "ಆದೇಶ ಇಲ್ರಿ ಸರ್. ಕೈಗೆ ಸಮೀಪ ಇರ್ತದಂತ ಇಟ್ಟೀನ್ರಿ." ಕೈಗೆ ಸಮೀಪ ಎಂಬುದು ಯಾವ ನಿಯಮದಲ್ಲೂ ಕಂಡುಬಾರದ ಕಾರಣ ಹಾಡನ್ನು ಮುಂದೂಡಲಾಯಿತು. ಅಂದೇ ಸುತ್ತೋಲೆ ಸಂಖ್ಯೆ ಒಂದು ಹೊರಬಿತ್ತು. ಮಿಕ್ಸರ್ ಮೇಲಕ್ಕೆ ಹೋಯಿತು. "ಹಂಚು ಅಟ್ಟದ ಮ್ಯಾಲ ಏರಿಸಿದ್ರಲ್ರಿ ಸಾಹೇಬ್ರ, ರೊಟ್ಟಿ ಹ್ಯಾಂಗ ಬೇಯ್ತದ?" ಎಂಬ ತುಳಜಾಬಾಯಿಯವರ ಪ್ರಶ್ನೆಯನ್ನು ಅಡುಗೆಗೆ ಸಂಬಂಧಿಸಿದ್ದೆಂದು ಭಾವಿಸಿ ಬೇರೆ ಇಲಾಖೆಗೆ ಕಳುಹಿಸಲಾಗಿದೆ.

ಜಗದೇವಪ್ಪನವರು ಇದರಲ್ಲಿ ಹೊಸತೇನೂ ಕಾಣಲಿಲ್ಲ. ಮೂವತ್ತು ವರ್ಷದ ಹಿಂದೆ ಇನ್ನೊಬ್ಬ ಸಾಹೇಬರು ಕಪಾಟುಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಲು ಹನ್ನೊಂದು ತಿಂಗಳು ತೆಗೆದುಕೊಂಡದ್ದು ಅವರಿಗೆ ನೆನಪಿದೆ. ಕಡತಗಳೆಲ್ಲ ಒಳಗೇ ಇದ್ದವು. ಬೀಗದ ಕೈ ಗಿಡ್ಡ ಕಪಾಟಿನ ಹಿಂದೆ ಬಿದ್ದಿತ್ತು. ಆದರೂ ಅವರು ದಿನಾಲು ಗೋಡೆಯ ಕ್ಯಾಲೆಂಡರಿನಲ್ಲಿ ಮೇ ೩೧ರ ಚೌಕವನ್ನು ನೋಡುತ್ತಿದ್ದರೆಂದು, ಕೇಳಿದ್ದಕ್ಕೆ ಒಪ್ಪಿಕೊಂಡಿದ್ದಾರೆ.

ಮೇ ತಿಂಗಳಿಡೀ ಸುತ್ತೋಲೆ ಎರಡರಿಂದ ಆರರವರೆಗೆ ಹೊರಬಿದ್ದವು. ತುಳಜಾಬಾಯಿಯವರು ಓಣಿ ಮುಗಿಸಿ ಮೂರು ಸಲ ಬಂದು, ಕಸಬರಿಗೆ ಗೋಡೆಗೆ ಒರಗಿಸಿ, ಕೂತು, ನೀರು ಕುಡಿದು ಹೋದರು. ಪ್ರತಿ ಸಲವೂ ಒಂದಿಲ್ಲೊಂದು ಫಲಕ ಇನ್ನೊಂದಕ್ಕಿಂತ ಒಂದು ಬೆರಳು ಮುಂದೆ ಬಂದಿತ್ತು.

ಕೊನೆಗೆ ಮೇ ೩೧, ಶನಿವಾರ. ಜಬೀನಾ ಬೆಳಿಗ್ಗೆಯೇ ಬಂದು, ದನಿ ಬರುತ್ತದೋ ಇಲ್ಲವೋ ನೋಡಲು ಕೆಂಪು ಗುಂಡಿ ಒತ್ತಿದ್ದರು. ಅದೇ ಗಳಿಗೆಗೆ ಪ್ರಭಾರ ಅಧಿಕಾರಿಗಳು ಒಳಬಂದದ್ದರಿಂದ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಂತರು. ನಿಂತದ್ದು ಸರಿಯಾಗಿದೆ. ಅಧಿಕಾರಿಗಳು ಸುತ್ತೋಲೆ ಆರರ ಪ್ರಕಾರ ಅರಗಿನ ಮೊಹರಿನ ಚೀಟಿಯೊಂದನ್ನು ತೆರೆಯ ಗಾಜಿನ ಮೇಲೆ, ಕೆಂಪು ಗುಂಡಿ ಕಾಣುವ ಜಾಗಕ್ಕೆ, ತಮ್ಮ ಕೈಯಾರೆ ಅಂಟಿಸಿದರು. "ಸರ್, ಅದೇ ಗುಂಡಿ ಚಾಲೂ ಮಾಡ್ತದ, ಅದೇ ಬಂದ್ ಮಾಡ್ತದ್ರಿ. ಕೆಂಪು ಕಾಣದಿದ್ರ ಈಗ ಚಾಲೂ ಅದನೋ ಬಂದ್ ಅದನೋ ಹ್ಯಾಂಗ ತಿಳೀಬೇಕ್ರಿ?" ಎಂದು ಜಬೀನಾ ಕೇಳಿದ್ದಾರೆ. "ಜ್ಞಾಪಕದಲ್ಲಿ ಇಟ್ಟುಕೊಳ್ಳತಕ್ಕದ್ದು" ಎಂದು ಉತ್ತರಿಸಲಾಗಿದೆ. ಉದ್ದವಾಗುವ ಪಟ್ಟಿಗಳನ್ನು ನೋಡಿ ತಿಳಿಯುವ ಹಾಗೂ ಇರಲಿಲ್ಲ, ಅವು ಮಿಕ್ಸರಿನ ಹಿಂದೆ ಸರಿದು ಹದಿನೈದು ದಿನವಾಗಿತ್ತು.

ತರುವಾಯ ಅಧಿಕಾರಿಗಳು "ಮಿಕ್ಸರ್ ಮೇಲೆ, ಕಡ್ಡಿ ಕೆಳಗೆ" ಎಂದು ಫಲಕಗಳ ಹಿರಿತನದ ಬಗ್ಗೆ ನಾಲ್ಕು ನಿಮಿಷ ಮಾತನಾಡಿದರು. ಬಾಗಿಲಲ್ಲಿ ನಿಂತಿದ್ದ ತುಳಜಾಬಾಯಿಯವರು ಕೊನೆಗೆ ಒಂದೇ ವಾಕ್ಯ ನುಡಿದರು: "ಸಾಹೇಬ್ರ, ಮೊದಲ ಕಸಾ ಹೊರಗ ಹಾಕ್ರಿ, ಆಮ್ಯಾಲ ಮನಿ ಹೊಂದಿಸ್ರಿ!" ಅಧಿಕಾರಿಗಳು ಕಲಬುರಗಿಯ ಸಭೆಗೆ ಹೊರಟುಹೋದರು. ಕಿವಿಗೆ ಹಾಕಿ ಕೇಳುವ ಹೆಡ್‌ಫೋನ್ ಇರುವ ಕಪಾಟಿನ ಬೀಗದ ಕೈಯೂ ಅವರ ಕಿಸೆಯಲ್ಲಿ ಹೋಯಿತು.

ಜಬೀನಾ ಇಲಿಯ (ಮೌಸಿನ) ಬಾಣವನ್ನು ಅಂದಾಜಿನ ಮೇಲೆ ಚೀಟಿಯ ಅಡಿಗೆ ಒಯ್ದು ಗುಂಡಿ ಒತ್ತಿದರು. ತುಳಜಾಬಾಯಿಯವರು ಹಾಡಿದರು.

ಹಸಿಯ ಕಸ ಬ್ಯಾರೆ, ಒಣಕಸ ಬ್ಯಾರೆ,
ಬಾಗಿಲಿಗೆ ಬಂದೀನಿ ಬಾರ ನನ ತಂಗಿ

ಎಂದು ಆರಂಭವಾಗುವ ಪದ, ಆರು ನುಡಿ, ಸ್ವಂತ ಕಟ್ಟಿದ್ದು. ಬಾಗಿಲು ಗಾಳಿಗೆ ಬಡಿಯಬಾರದೆಂದು ಜಗದೇವಪ್ಪನವರು ಅದನ್ನು ಹಿಡಿದು ನಿಂತಿದ್ದರು. ಬೆವರು ಒರೆಸಿಕೊಳ್ಳಲಿಲ್ಲ, ಸದ್ದಾದೀತೆಂದು. ಅಂಥ ದನಿಯನ್ನು ತಾವು ಆ ಗೋದಾಮಿನಲ್ಲಿ ಹಿಂದೆ ಕೇಳಿಲ್ಲವೆಂದು ಹೇಳುತ್ತಾರೆ. ಹಾಡು ಮುಗಿಯಿತು. ಕಡತವನ್ನು ಉಳಿಸಿ, ಕೇಳಿ ನೋಡಲು ಸಾಧನವಿಲ್ಲದ ಕಾರಣ ಕೇಳದೆ, ಒಂದೂವರೆಯೊಳಗೆ ಐದೂ ಊರಿನ ಗಾಡಿಗಳಿಗೆ ರವಾನಿಸಲಾಯಿತು. ತುಳಜಾಬಾಯಿಯವರು ಒಂದೂವರೆಗೆ ನಿವೃತ್ತರಾದರು.

ಗುಂಡಿ ಬೆಳಿಗ್ಗೆಯಿಂದಲೇ ಚಾಲೂ ಇತ್ತೆಂದೂ, ಹಾಡಿಗೆ ಒತ್ತಿದ ಒತ್ತು ಅದನ್ನು ಬಂದ್ ಮಾಡಿತೆಂದೂ ಭಾನುವಾರ ಬೆಳಿಗ್ಗೆ ಐದೂ ಊರಿಗೆ ಏಕಕಾಲಕ್ಕೆ ತಿಳಿದುಬಂತು. ಹಾಡಿನ ಒಂದಕ್ಷರವೂ ದಾಖಲಾಗಿಲ್ಲ. ಪ್ರಭಾರ ಅಧಿಕಾರಿಗಳ ಭಾಷಣ ಪೂರ್ತಿ ದಾಖಲಾಗಿದೆ. ಅದರ ಬಾಲಕ್ಕೆ ತುಳಜಾಬಾಯಿಯವರ ಆ ಒಂದು ವಾಕ್ಯವೂ ಇದೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ಫಲಕಗಳ ಶಿಸ್ತು ಸಡಿಲವಾದುದರಿಂದಲೇ ಇಂಥ ಅಚಾತುರ್ಯ ನಡೆದಿದೆ ಎಂದು ತೀರ್ಮಾನಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

ಸೂಚನೆಗಳು:

೧. ತೆರೆಯ ಮೇಲಿನ ಫಲಕಗಳ ಹಿರಿತನವನ್ನು ಅವು ಸೇವೆಗೆ ಸೇರಿದ ದಿನಾಂಕದ ಮೇಲೆ ನಿರ್ಧರಿಸತಕ್ಕದ್ದು. ಎಲ್ಲವೂ ಒಂದೇ ದಿನ ಸೇರಿರುವುದರಿಂದ ಅಗಲವಾದದ್ದೇ ಹಿರಿಯ. ಯಾವುದೇ ಕಿರಿಯ ಫಲಕವು ತನ್ನ ಅಂಚನ್ನು ಎಳೆದುಕೊಂಡು ಹಿರಿತನ ಗಳಿಸುವಂತಿಲ್ಲ.

೨. ಮಿಕ್ಸರ್ ಫಲಕವು ಮುಖ್ಯ ಸನ್ನೆಯನ್ನು ಹೊಂದಿರುವುದರಿಂದ ಕಚೇರಿ ಮುಖ್ಯಸ್ಥರಿಗೆ ಸಮಾನ. ಅದು ಎಲ್ಲಕ್ಕಿಂತ ಮೇಲೆ ಇರತಕ್ಕದ್ದು. ಅದರ ಸನ್ನೆಗಳನ್ನು ಮುಟ್ಟಿ ಕೆಲಸಕ್ಕೆ ಹಚ್ಚುವುದು ಗೌರವಕ್ಕೆ ಕುಂದು. ತುರ್ತಿದ್ದಲ್ಲಿ ಮುಖ್ಯ ಸನ್ನೆಗೆ ಲಿಖಿತ ಮನವಿ ಸಲ್ಲಿಸಿ, ಅದು ತಾನಾಗಿ ಏರುವವರೆಗೆ ಕಾಯತಕ್ಕದ್ದು.

೩. ಒಂದು ಫಲಕವು ಇನ್ನೊಂದನ್ನು ಮುಚ್ಚಿದಲ್ಲಿ, ಮುಚ್ಚಿದ ಫಲಕವೇ ಮುಚ್ಚಲ್ಪಟ್ಟ ಫಲಕದ ಪ್ರಭಾರ ವಹಿಸಿಕೊಳ್ಳತಕ್ಕದ್ದು. ಪ್ರಭಾರದಲ್ಲಿರುವವರು ಆ ಕೆಲಸ ಬಲ್ಲವರಾಗಿರಬೇಕೆಂದಿಲ್ಲ. ಇದಕ್ಕೆ ಈ ಕೋಶದಲ್ಲೇ ಪೂರ್ವನಿದರ್ಶನವಿದೆ.

೪. ಇಲಿಯಿಂದ ಫಲಕವನ್ನು ಹಿಡಿದು ಎಳೆಯುವುದು ವರ್ಗಾವಣೆ ಎನಿಸಿಕೊಳ್ಳುವುದು. ಎಳೆದ ಫಲಕಕ್ಕೆ ಹೊಸ ಸ್ಥಳದಲ್ಲಿ ಹಾಜರಾಗಲು ಒಂದು ದಿನದ ಅವಕಾಶ ಕೊಡತಕ್ಕದ್ದು. ಆ ದಿನ ಯಾರೂ ಹಾಡಬಾರದು.

೫. ದನಿಯ ಜೋರು ತೋರಿಸುವ ಹಸಿರು ಕಡ್ಡಿಗಳು ಅಧಿಕಾರಿಗಳು ಮಾತನಾಡುವಾಗ ಗೇಣು ಎತ್ತರಕ್ಕೆ ನಿಂತು, ಪೌರಕಾರ್ಮಿಕರು ಒಂದು ಮಾತು ಆಡಿದ ಕೂಡಲೇ ಮೇಲಿನವರೆಗೆ ಹಾರಿ ಕೆಂಪಾದದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸದರಿ ಕಡ್ಡಿಗಳಿಗೆ ನೋಟಿಸು ನೀಡಲಾಗಿದೆ. ಉತ್ತರ ಬರುವವರೆಗೆ ಅವು ತೆರೆಯ ಹೊರಗೆ ಇರತಕ್ಕದ್ದು.

೬. ಕೆಂಪು ದೀಪ ಉರಿಸಿಕೊಂಡು ತಿರುಗುವ ಸವಲತ್ತು ಸ್ವತಃ ಪ್ರಭಾರ ಅಧಿಕಾರಿಗಳ ವಾಹನಕ್ಕೇ ಇಲ್ಲದಿರುವಾಗ ಒಂದು ಗುಂಡಿಗೆ ಇರತಕ್ಕದ್ದಲ್ಲ. ಆದುದರಿಂದ ಅದರ ಮೇಲಿನ ಅರಗಿನ ಮೊಹರು ಮುಂದುವರಿಯುವುದು. ಗುಂಡಿ ಉರಿಯುತ್ತಿದೆಯೇ ಎಂದು ತಿಳಿಯಬಯಸುವವರು ಮೊಹರು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಬಹುದು. ಬೇಸಿಗೆಯಲ್ಲಿ ಈ ಪರೀಕ್ಷೆ ಮಾನ್ಯವಲ್ಲ.

೭. ಅನುಮೋದಿತ ಜೋಡಣೆಯ ಛಾಯಾಚಿತ್ರವನ್ನು ತೆರೆಯಷ್ಟೇ ದೊಡ್ಡದಾಗಿ ಮುದ್ರಿಸಿ ತೆರೆಯ ಮೇಲೆಯೇ ಅಂಟಿಸತಕ್ಕದ್ದು. ಇದರಿಂದ ಒಳಗೆ ಏನೇ ನಡೆದರೂ ಹೊರಗೆ ಶಿಸ್ತು ಕಾಣಿಸುವುದು. ನಿರ್ವಾಹಕಿಯು ಛಾಯಾಚಿತ್ರವನ್ನು ನೋಡಿಕೊಂಡು ಕೆಲಸ ಮಾಡತಕ್ಕದ್ದು.

೮. ಒಮ್ಮೆ ರವಾನೆಯಾದ ಹಾಡನ್ನು ಆರ್ಥಿಕ ವರ್ಷ ಮುಗಿಯುವವರೆಗೆ ಬದಲಿಸಲು ಅವಕಾಶವಿಲ್ಲ. ಆದುದರಿಂದ ಪ್ರಭಾರ ಅಧಿಕಾರಿಗಳ ಭಾಷಣವನ್ನು ೩೧-೩-೨೦೨೬ರವರೆಗೆ ಹಾಡೆಂದು ಪರಿಗಣಿಸತಕ್ಕದ್ದು. ತುಳಜಾಬಾಯಿಯವರ ಹಾಡನ್ನು ಮತ್ತೊಮ್ಮೆ ದಾಖಲಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅವರು ಈಗ ಹೊರಗಿನವರು.

೯. ಗಾಡಿಯ ಹಿಂದೆ "ಮಿಕ್ಸರ್ ಮೇಲೆ, ಕಡ್ಡಿ ಕೆಳಗೆ" ಎಂದು ಕೂಗುತ್ತ ಮಕ್ಕಳು ಓಡುವುದನ್ನು ನಿಷೇಧಿಸಿದೆ. ಸಾರ್ವಜನಿಕರು ಸದರಿ ಧ್ವನಿಗೆ ನಗಬಾರದು. ತಡೆಯಲಾಗದವರು ಕಸ ಕೊಟ್ಟ ನಂತರ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ನಗತಕ್ಕದ್ದು. ನಗುವನ್ನು ಹಸಿಕಸದಲ್ಲಾಗಲಿ ಒಣಕಸದಲ್ಲಾಗಲಿ ಬೆರೆಸಬಾರದು.

೧೦. ಭಾಷಣದ ಬಾಲಕ್ಕಿರುವ ತುಳಜಾಬಾಯಿಯವರ ವಾಕ್ಯವನ್ನು ಕತ್ತರಿಸಿ ತೆಗೆಯಲು ಪ್ರಭಾರ ಅಧಿಕಾರಿಗಳು ಆದೇಶಿಸಿದ್ದಾರೆ. ಕತ್ತರಿಯ ಫಲಕವು ಎಲ್ಲಕ್ಕಿಂತ ಕಿರಿದಾಗಿದ್ದು, ಸುತ್ತೋಲೆ ನಾಲ್ಕರ ಪ್ರಕಾರ ಉಳಿದ ಫಲಕಗಳ ಅಡಿಯಲ್ಲಿದೆ. ಅದನ್ನು ಹೊರತೆಗೆಯಬೇಕಾದರೆ ಮಿಕ್ಸರನ್ನು ಕೆಳಗಿಳಿಸಬೇಕು. ಮಿಕ್ಸರನ್ನು ಕೆಳಗಿಳಿಸಲು ಸೂಚನೆ ಎರಡು ಅಡ್ಡಬರುತ್ತದೆ. ಈ ಕುರಿತು ಚಾಲಕ ಬಂದೇಅಲಿಯವರ ಹೇಳಿಕೆಯನ್ನೂ ಗಮನಿಸಲಾಗಿದೆ: "ಸಾಹೇಬ್ರ ಮಾತು ನಡದಾಗ ಮಂದಿ ಒಳಗ ಕುಂತು ಚಾ ಕುಡೀತಾರ್ರಿ. ಒಬ್ಬಾಕಿ ಹೊರಗ ಇಣಕಿ, ತಡೀರಿ ಇನ್ನಾ ಅಕ್ಕಾ ಬಂದಿಲ್ಲ ಅಂತಾಳ. ಅಕ್ಕಾನ ದನಿ ಬಿತ್ತಂದ್ರ ಎಲ್ಲಾರೂ ಬುಟ್ಟಿ ಹಿಡ್ಕೊಂಡು ಓಡಿ ಬರ್ತಾರ. ಆ ಕಡೀ ಮಾತು ಕತ್ತರಿಸ್ರಿ, ಗಾಡಿ ಖಾಲಿ ಬರ್ತದ. ಆಮ್ಯಾಲ ನನಗ ಕೇಳಬ್ಯಾಡ್ರಿ." ಆದುದರಿಂದ ಸದರಿ ವಾಕ್ಯವು ಆಕ್ಷೇಪಾರ್ಹವೂ ಅನಿವಾರ್ಯವೂ ಆಗಿದ್ದು, ಮುಂದಿನ ಆದೇಶದವರೆಗೆ ಇದ್ದಲ್ಲಿಯೇ ಇರತಕ್ಕದ್ದು.

ಈ ಸೂಚನೆಗಳಲ್ಲಿ ಯಾವುದಾದರೂ ಅರ್ಥವಾದಲ್ಲಿ ಕೂಡಲೇ ಕೋಶದ ಗಮನಕ್ಕೆ ತರುವುದು, ತಿದ್ದುಪಡಿ ಹೊರಡಿಸಲಾಗುವುದು.

ಸಹಿ/-
ಪ್ರಭಾರ ಅಧಿಕಾರಿಗಳು
ಐದು ಊರುಗಳ ಸ್ವಚ್ಛತಾ ಗೀತೆ ಕೋಶ

ಪ್ರತಿಗಳು (ಗುರುವಾರ ಹಂಚಿದ ಬಗ್ಗೆ ಜವಾನ ಜಗದೇವಪ್ಪನವರ ಷರಾ ಸಹಿತ):

೧. ಐದೂ ಊರುಗಳ ಕಸದ ಗಾಡಿ ಚಾಲಕರಿಗೆ, ಪಾಲನೆಗಾಗಿ.
ಷರಾ: ಮುಟ್ಟಿದೆ. ಬಂದೇಅಲಿಯವರು ಬಿಸಿಲಿಗೆ ಅಡ್ಡವಾಗಿ ಗಾಡಿಯ ಗಾಜಿಗೆ ಹಚ್ಚಿಕೊಂಡಿದ್ದಾರೆ. ಅಗಲ ಸಾಲುವುದಿಲ್ಲ, ಇನ್ನೆರಡು ಪ್ರತಿ ಕೇಳಿದ್ದಾರೆ.

೨. ಮಳಖೇಡ, ಆದಿತ್ಯನಗರ, ರಾವೂರಗಳಲ್ಲಿ ಜನ ಸೇರುವ ಜಾಗಕ್ಕೆ, ಪ್ರಚಾರಕ್ಕಾಗಿ.
ಷರಾ: ಹಚ್ಚಿದೆ. ರಾವೂರಿನ ಹೋಟೆಲಿನಲ್ಲಿ ಒಬ್ಬರು ಜೋರಾಗಿ ಓದಿದರು. ಸೂಚನೆ ಒಂಬತ್ತು ಮುರಿದುಬಿತ್ತು.

೩. ಜಬೀನಾ, ಧ್ವನಿ ನಿರ್ವಾಹಕಿ, ಕಾರಣ ಕೇಳಿದ ನೋಟಿಸಿನೊಂದಿಗೆ.
ಷರಾ: ಮುಟ್ಟಿದೆ. ಉತ್ತರ ಅಲ್ಲೇ ನಿಂತು ಬರೆದುಕೊಟ್ಟರು: "ಕೆಂಪು ಕಾಣಲಿಲ್ರಿ. ಚೀಟಿ ಕಾಣತಿತ್ತು." ಆಮೇಲೆ, "ಕಾಕಾ, ಅಷ್ಟು ಚಲೋ ಹಾಡು ನನ್ನ ಕೈಯಾಗೇ ಹೋಯ್ತಲ್ಲ" ಎಂದರು. ಅದನ್ನು ಬರೆದುಕೊಡಲಿಲ್ಲ.

೪. ಮಿಕ್ಸರ್ ಫಲಕಕ್ಕೆ, ಮಾಹಿತಿಗಾಗಿ.
ಷರಾ: ಅಂಟಿಸಿದೆ.

೫. ಶ್ರೀಮತಿ ತುಳಜಾಬಾಯಿ, ನಿವೃತ್ತ ಪೌರಕಾರ್ಮಿಕರು, ಎಚ್ಚರಿಕೆಗಾಗಿ.
ಷರಾ: ನಸುಕಿನಲ್ಲೇ ಎಲ್ಲಕ್ಕೂ ಮೊದಲು ಇವರ ಮನೆಗೆ ಹೋಗಿ ಕೊಟ್ಟೆನು. ಓದಿಸಿ ಕೇಳಿದರು. ಹಾಡು ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳಲಿಲ್ಲ. "ಇದು ಹಸಿದೇನು, ಒಣದೇನು ಜಗದೇವಣ್ಣ?" ಎಂದರು. ಒಣದು ಎಂದೆನು. ಅಷ್ಟರಲ್ಲಿ ಓಣಿಗೆ ಗಾಡಿ ಬಂತು. ಮೂವತ್ತೊಂದು ವರ್ಷ ಬಾಗಿಲಾಚೆ ನಿಂತವರು ಈಗ ಬಾಗಿಲೊಳಗೆ ಬುಟ್ಟಿ ಹಿಡಿದು ನಿಂತು, ಸಾಹೇಬರದು ಮುಗಿಯಲೆಂದು ಕಾದು, ತಮ್ಮ ಕೂಗು ಬಿದ್ದ ಮೇಲೆ "ಬಂದೆ ತಡಿಯವ್ವಾ" ಎಂದು ಹೋಗಿ ಹಾಕಿ ಬಂದರು.

೬. ಪ್ರಭಾರ ಅಧಿಕಾರಿಗಳ ಸ್ವಂತ ಕಡತಕ್ಕೆ.
ಷರಾ: ಮುಟ್ಟಿಲ್ಲ. ನಾನು ಪ್ರತಿ ಹಿಡಿದು ಕೋಶಕ್ಕೆ ಹೋದಾಗ ಸಾಹೇಬರು ದೀರ್ಘ ರಜೆ ಬರೆದಿಟ್ಟು, ಪೆಟ್ಟಿಗೆ ಕಟ್ಟಿ, ಬಾಗಿಲ ಹಿಂದೆ ನಿಂತಿದ್ದರು. ಗೇಟಿನ ಮುಂದೆ ಕಸದ ಗಾಡಿ ನಿಂತು ಅವರ ಭಾಷಣ ನಡೆದಿತ್ತು. ಅದು ಮುಗಿಯುವವರೆಗೆ ಹೊರಗೆ ಬರಲಿಲ್ಲ. ಮೊದಲ ಕಸಾ ಹೊರಗ ಹಾಕ್ರಿ ಎಂದು ತುಳಜಾಬಾಯಿಯವರು ಅಂದ ಕೂಡಲೇ ಬಾಗಿಲು ತೆರೆದು ಹೊರಬಿದ್ದು, ಯಾರ ಕಡೆಗೂ ನೋಡದೆ ಹೋದರು. ಗುರುವಾರ, ಬೆಳಿಗ್ಗೆ ೮.೨೦.